ಎಂ.ಫಾರ್ಮಕ್ಕೆ ಅರ್ಜಿ ಹಾಕುವ ಮುನ್ನ

ಇಂಗಳೇಶ್ವರದಿಂದ ವಿಜಯಪುರಕ್ಕೋ ಕಲಬುರಗಿಗೋ ಹೋಗಿ ಬಿ.ಫಾರ್ಮ ಓದುತ್ತಿರುವ ತಂಗಿ ತಮ್ಮಂದಿರೇ, ಕೊನೆಯ ವರ್ಷದಲ್ಲಿರುವಾಗಲೇ ಎಂ.ಫಾರ್ಮದ ಅರ್ಹತಾ ಪರೀಕ್ಷೆ ಜಿಪ್ಯಾಟ್ ಬರೆಯಿರಿ. 125 ಪ್ರಶ್ನೆ, 500 ಅಂಕ, ಮೂರು ತಾಸು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ಆದ್ದರಿಂದ ಊಹೆಯ ಮೇಲೆ ಗುರುತು ಹಾಕಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಹಣ. ಜಿಪ್ಯಾಟ್ ಅರ್ಹತೆಯೊಂದಿಗೆ ಸೇರಿದವರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಮಳೆ ನಂಬಿದ ಮನೆಯ ಮಕ್ಕಳಿಗೆ ಎರಡು ವರ್ಷದ ಊಟ, ವಸತಿ ಅದರಲ್ಲೇ ಸಾಗೀತು. ಆದರೆ ಫಾರ್ಮಸಿ ಕೌನ್ಸಿಲ್ ಮಾನ್ಯತೆ ಇದ್ದ ಮಾತ್ರಕ್ಕೆ ಈ ಹಣ ಬರುವುದಿಲ್ಲ. ಕಾಲೇಜಿಗೆ ಎಐಸಿಟಿಇ ಮಾನ್ಯತೆಯೂ ಬೇಕು. ಶುಲ್ಕ ಕಟ್ಟುವ ಮೊದಲೇ ಇದನ್ನು ಕೇಳಿ, ನಾಚಿಕೆ ಬೇಡ.

ಎಂ.ಫಾರ್ಮ ಸೇರಲು ಬಿ.ಫಾರ್ಮದ ನಾಲ್ಕೂ ವರ್ಷ ಸೇರಿ ಶೇ. 55 ಅಂಕ ಇರಬೇಕು. ಪ್ರವೇಶ ಪಡೆದ ಒಂದು ತಿಂಗಳೊಳಗೆ ರಾಜ್ಯ ಫಾರ್ಮಸಿ ಕೌನ್ಸಿಲಿನ ನೋಂದಣಿಯೂ ಆಗಬೇಕು. ಸರ್ಕಾರಿ ಕೋಟಾಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಅರ್ಜಿ. ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇಯಂಥ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಬೇರೆಯೇ ಅರ್ಜಿ. ನೆರೆಯ ಕಲಬುರಗಿಯ ಗೆಳೆಯರಿಗಿರುವ, ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ನಮ್ಮ ವಿಜಯಪುರ ಜಿಲ್ಲೆಗಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದು ಕಾಲೇಜುಗಳ ಪಟ್ಟಿ ಮಾಡಬೇಡಿ.

ವಿಭಾಗ ಆರಿಸುವಾಗ ಹಿರಿಯರ ಮಾತಿಗಿಂತ ನಿಮ್ಮ ಒಲವನ್ನು ನಂಬಿ. ರೋಗಿಗಳ ನಡುವೆ ಕೆಲಸ ಬೇಕೆಂದರೆ ಫಾರ್ಮಸಿ ಪ್ರಾಕ್ಟೀಸ್, ಕಾರ್ಖಾನೆಯ ಕಡೆ ಮನಸ್ಸಿದ್ದರೆ ಫಾರ್ಮಾಸ್ಯೂಟಿಕ್ಸ್ ಅಥವಾ ಗುಣಮಟ್ಟ ವಿಭಾಗ. ಸೇರುವ ಮೊದಲು ಒಮ್ಮೆ ಆ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ, ಯಂತ್ರಗಳು ನಿಜಕ್ಕೂ ಓಡುತ್ತಿವೆಯೇ ಎಂದು ಅಲ್ಲಿ ಓದುತ್ತಿರುವವರನ್ನೇ ವಿಚಾರಿಸಿ.