ಯಂತ್ರ ಉತ್ತರ ಕೊಟ್ಟರೆ ಕಲಿಯುವವರು ಯಾರು?

ಹುಡುಗನೊಬ್ಬನನ್ನು ಕೆಲಸ ಕಲಿಯಲು ಗ್ಯಾರೇಜಿಗೆ ಸೇರಿಸಿದರೆ ಉಸ್ತಾದರು ಮೊದಲ ದಿನವೇ ಅವನ ಕೈಗೆ ಇಂಜಿನ್ ಒಪ್ಪಿಸುವುದಿಲ್ಲ. ಅವನು ಸ್ಪಾನರ್ ಎತ್ತಿಕೊಡುತ್ತಾನೆ, ಬಿಡಿಭಾಗ ತೊಳೆಯುತ್ತಾನೆ, ತಪ್ಪು ಮಾಡಿ ಬೈಸಿಕೊಳ್ಳುತ್ತಾನೆ. ಹೀಗೆಯೇ ಕೆಲಸ ಕೈಗೆ ಹತ್ತುತ್ತದೆ. ಕಚೇರಿಯಲ್ಲಿಯೂ ಇದೇ ಕ್ರಮ. ಲೆಕ್ಕ ತಾಳೆ ನೋಡುವುದು, ಪತ್ರದ ಕರಡು ಬರೆಯುವುದು ಮುಂತಾದ ಸಣ್ಣ ಕೆಲಸಗಳೇ ಹೊಸಬರ ಪಾಠಶಾಲೆ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಬಳಕೆಗೆ ಬಂತು. ಅಂದಿನಿಂದ ಇಂತಹ ಸಣ್ಣ ಕೆಲಸಗಳನ್ನೇ ಕೃತಕ ಬುದ್ಧಿಮತ್ತೆಯು ಕ್ಷಣಾರ್ಧದಲ್ಲಿ ಮಾಡಿಕೊಡುತ್ತಿದೆ. ಕೆಲಸವೇನೋ ಮುಗಿಯಿತು. ಆದರೆ ಕಲಿಕೆ ನಡೆಯಿತೇ? ಉದ್ಯೋಗಕ್ಕೆ ಸೇರಿದ ಮಕ್ಕಳಿರುವ ಪ್ರತಿಯೊಂದು ಮನೆಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಹಾಗೆಂದು ಈ ಯಂತ್ರವನ್ನು ಕಲಿಕೆಯ ಶತ್ರುವೆಂದು ಭಾವಿಸಬೇಕಾಗಿಲ್ಲ. ಗ್ರಾಹಕರಿಗೆ ಉತ್ತರ ನೀಡುವ ಐದು ಸಾವಿರಕ್ಕೂ ಹೆಚ್ಚು ನೌಕರರ ಕುರಿತು ಅಮೇರಿಕದ ಅರ್ಥಶಾಸ್ತ್ರಜ್ಞರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಂತ್ರದ ನೆರವಿನಿಂದ ಅವರ ಕೆಲಸವು ಸರಾಸರಿ ಶೇ. 14ರಷ್ಟು ಹೆಚ್ಚಿತು. ಅತಿ ಹೆಚ್ಚು ಲಾಭ ಪಡೆದವರು ಹೊಸಬರು. ನುರಿತವರ ಜಾಣ್ಮೆಯನ್ನು ಯಂತ್ರವು ಅವರಿಗೆ ತಲುಪಿಸಿತ್ತು.

ಇನ್ನೊಂದು ಮುಖವನ್ನೂ ನೋಡಿರಿ. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಕರುಳಿನ ಕೊಲೊನೋಸ್ಕೋಪಿ ಮಾಡುವ ವೈದ್ಯರ ಕುರಿತ ಅಧ್ಯಯನವು 2025ರಲ್ಲಿ ಪ್ರಕಟವಾಯಿತು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಯಂತ್ರದ ನೆರವಿಲ್ಲದೆ ಅವರು ಮೊದಲು ಶೇ. 28.4ರಷ್ಟು ಪರೀಕ್ಷೆಗಳಲ್ಲಿ ಪತ್ತೆ ಹಚ್ಚುತ್ತಿದ್ದರು. ಆ ಕೇಂದ್ರಗಳಲ್ಲಿ ಯಂತ್ರದ ಬಳಕೆ ಆರಂಭವಾದ ಬಳಿಕ, ಅದರ ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಇದು ಶೇ. 22.4ಕ್ಕೆ ಇಳಿಯಿತು. ಇದಕ್ಕೆ ಯಂತ್ರವೊಂದೇ ಕಾರಣವೆಂದು ಇಷ್ಟರಿಂದಲೇ ಸಾಬೀತಾಗುವುದಿಲ್ಲ. ಆದರೆ ಅನುಭವಿಗಳ ಕಣ್ಣೂ ಮಂಜಾಗಬಹುದೆಂದಾದರೆ, ಇನ್ನೂ ಕಣ್ಣು ಪಳಗದ ಹೊಸಬರ ಪಾಡೇನು?

ಹೊಣೆಗಾರಿಕೆಯ ವಿಷಯವೂ ಇದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕಲ್ಪಿಸಿ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಯಂತ್ರವನ್ನು ಬಳಸಿದ್ದೇ ಅಪರಾಧವೆಂದು ನ್ಯಾಯಾಲಯ ಹೇಳಲಿಲ್ಲ. ಪರಿಶೀಲಿಸದೆ ಸಲ್ಲಿಸಿದ್ದು, ಪ್ರಶ್ನೆ ಎದ್ದ ಮೇಲೂ ಅದನ್ನೇ ಸಮರ್ಥಿಸಿದ್ದು ಅವರ ತಪ್ಪಾಗಿತ್ತು. ಸಹಿ ಮಾಡಿದವನೇ ಉತ್ತರದಾಯಿ. ಯಂತ್ರವನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು?

ಒಂದು: ಮೊದಲು ಸ್ವತಃ ಪ್ರಯತ್ನಿಸಿರಿ. ಕರಡನ್ನು ನೀವೇ ಬರೆದು, ನಂತರ ಅದರ ಲೋಪವೇನೆಂದು ಯಂತ್ರವನ್ನು ಕೇಳಿರಿ. ಆಗ ಅದು ಶಿಕ್ಷಕನಾಗುತ್ತದೆ. ಇಲ್ಲವಾದರೆ ನಿಮ್ಮ ಪಾಠವನ್ನು ಬೇರೆಯವರು ಬರೆದುಕೊಟ್ಟಂತಾಗುತ್ತದೆ.

ಎರಡು: ಅದು ಕೊಟ್ಟ ಉತ್ತರ ಏಕೆ ಸರಿಯೆಂದು ನಿಮ್ಮ ಮಾತಿನಲ್ಲಿ ಇನ್ನೊಬ್ಬರಿಗೆ ವಿವರಿಸಲು ಸಾಧ್ಯವಾಗದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿರಿ.

ಮೂರು: ಯಂತ್ರದ ನೆರವಿಲ್ಲದೆ ಕೆಲಸ ಮಾಡುವ ಅಭ್ಯಾಸವನ್ನು ವಾರಕ್ಕೊಮ್ಮೆಯಾದರೂ ಉಳಿಸಿಕೊಳ್ಳಿರಿ.

ಅಂಗಡಿ, ಕಾರ್ಖಾನೆ, ಕಚೇರಿಗಳನ್ನು ನಡೆಸುವವರ ಮೇಲೂ ಒಂದು ಹೊಣೆಯಿದೆ. ಯಂತ್ರವಿದೆಯೆಂದು ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರೆ, ಇಂದಿನ ಅನುಭವಿಗಳು ನಿವೃತ್ತರಾದ ದಿನ ಯಂತ್ರದ ತಪ್ಪನ್ನು ಗುರುತಿಸುವವರು ಎಲ್ಲಿಂದ ಬರಬೇಕು? ಹೊಸಬರಿಗೆ ತಪ್ಪು ಮಾಡಲು ಸ್ವಲ್ಪ ಅವಕಾಶ ಕೊಡುವುದು, ಪಕ್ಕದಲ್ಲಿ ಕುಳಿತು ತಿದ್ದುವುದು ನಷ್ಟದ ಬಾಬತ್ತಲ್ಲ.

ಸಂಬಳ ಪಡೆದು ಮಾಡುವ ಕೆಲಸವು ಅಮಾನತ್ತಾಗಿದೆ. ಅರಿಯದ್ದನ್ನು ಅರಿತಂತೆ ಒಪ್ಪಿಸುವುದು ಆ ಅಮಾನತ್ತಿಗೆ ಸಲ್ಲದು. ಹೆತ್ತವರೇ, ಮಗನೋ ಮಗಳೋ ಕೆಲಸದಿಂದ ಮರಳಿದಾಗ ಸಂಬಳದ ಬಗ್ಗೆ ಮಾತ್ರ ವಿಚಾರಿಸಬೇಡಿರಿ. ಇಂದು ನಿನಗೆ ಹೊಸದಾಗಿ ಏನು ತಿಳಿಯಿತು ಎಂದೂ ಕೇಳಿರಿ. ಕೆಲಸ ಕೈತಪ್ಪಿದರೂ ಕಲಿತ ವಿದ್ಯೆ ಅವರ ಜೊತೆಗಿರುತ್ತದೆ.