ಸಂಗೀತ ಹಾಸ್ಯನಾಟಕ ಮತ್ತು ಪಾತ್ರಧಾರಿಗಳ ಆಯ್ಕೆ

ಊರಿನ ಹವ್ಯಾಸಿ ತಂಡವೊಂದು ಹಾಡುಗಳಿಂದ ಕೂಡಿದ ಹಾಸ್ಯನಾಟಕವನ್ನು ಆಡಲು ನಿಶ್ಚಯಿಸಿದಾಗ, ಅಥವಾ ಶಾಲೆಯ ವಾರ್ಷಿಕೋತ್ಸವಕ್ಕೆ ಅಂತಹ ನಾಟಕವನ್ನು ಆರಿಸಿದಾಗ, ಮೊದಲು ಎದುರಾಗುವ ಕಾರ್ಯ ಪಾತ್ರಧಾರಿಗಳ ಆಯ್ಕೆ. ಇದಕ್ಕೆ ಈಗ ‘ಆಡಿಷನ್’ ಎಂಬ ಹೆಸರು ಬಳಕೆಗೆ ಬಂದಿದೆ. ಹಾರ್ಮೋನಿಯಂ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಒಂದು ಹಾಡು ಹೇಳಿಸಿ, ನಾಲ್ಕು ಸಾಲು ಸಂಭಾಷಣೆ ಓದಿಸಿ, ಹೆಸರಿನ ಮುಂದೆ ಗುರುತು ಹಾಕಿಕೊಳ್ಳುವುದು ಸಾಮಾನ್ಯ ಪದ್ಧತಿ. ಗಂಭೀರ ನಾಟಕಕ್ಕೆ ಈ ಪದ್ಧತಿ ಹೇಗೋ ಸಾಕಾದೀತು. ಸಂಗೀತ ಹಾಸ್ಯನಾಟಕಕ್ಕೆ ಸಾಲದು. ಅಲ್ಲಿ ಇಂಪಾಗಿ ಹಾಡುವವನೊಬ್ಬ, ನಗಿಸುವವನೊಬ್ಬ ಬೇರೆ ಬೇರೆಯಾಗಿ ದೊರೆತರೆ ಪ್ರಯೋಜನವಿಲ್ಲ. ಮಾತಿನಿಂದ ಹಾಡಿಗೆ, ಹಾಡಿನಿಂದ ನಗೆಗೆ ಒಂದೇ ಉಸಿರಿನಲ್ಲಿ ದಾಟಬಲ್ಲ ವ್ಯಕ್ತಿ ಬೇಕು. ಹಾಡನ್ನೂ ಮಾತನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವವರು ಈ ದಾಟುವಿಕೆಯನ್ನು ನೋಡುವುದೇ ಇಲ್ಲ.

ಕನ್ನಡದ ವೃತ್ತಿರಂಗಭೂಮಿಗೆ ಈ ತೊಂದರೆ ಇಷ್ಟಾಗಿ ಕಾಡಲಿಲ್ಲ. ಅಲ್ಲಿ ಪರೀಕ್ಷೆ ಒಂದು ಸಂಜೆಯದಾಗಿರಲಿಲ್ಲ, ವರ್ಷಗಟ್ಟಲೆಯದಾಗಿತ್ತು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ನಾಟಕ ಕಂಪನಿಯನ್ನು ಇಲ್ಲಿ ನೆನೆಯಬಹುದು. 1891ರಲ್ಲಿ ಜನಿಸಿದ ವೀರಣ್ಣನವರು ಎಳೆಯ ವಯಸ್ಸಿನಲ್ಲಿಯೇ ಆ ಕಂಪನಿಯನ್ನು ಸೇರಿ, ಸಣ್ಣಪುಟ್ಟ ಪಾತ್ರಗಳಿಂದ ಮೇಲೇರಿ, ಮುಂದೆ ಅದರ ಒಡೆಯರೇ ಆದರು. ಬಿ. ವಿ. ಕಾರಂತರೂ ಮನೆ ಬಿಟ್ಟು ಹೋಗಿ ಹುಡುಗರಾಗಿ ಅದೇ ಕಂಪನಿಯನ್ನು ಸೇರಿದವರು. ಕಂಪನಿಗೆ ಬಂದ ಹುಡುಗನಿಗೆ ಬಾಲಪಾತ್ರಗಳೋ ಸಖಿಯರ ಗುಂಪಿನಲ್ಲೊಂದು ಸ್ಥಾನವೋ ದೊರೆಯುತ್ತಿತ್ತು. ಹಿರಿಯ ನಟರ ಹಾಡನ್ನು ಪರದೆಯ ಮಗ್ಗುಲಲ್ಲಿ ನಿಂತು ರಾತ್ರಿ ರಾತ್ರಿ ಕೇಳುತ್ತ ಕಂಠಸ್ಥ ಮಾಡಿಕೊಳ್ಳುವುದೇ ಅವನ ವಿದ್ಯಾಭ್ಯಾಸ. ಯಾರಲ್ಲಿ ಯಾವ ಕಸುವಿದೆ ಎಂಬುದನ್ನು ತಿಳಿಯಲು ಒಡೆಯನಿಗೂ ಹಾರ್ಮೋನಿಯಂ ಮಾಸ್ತರರಿಗೂ ಸಾಕಷ್ಟು ಕಾಲಾವಕಾಶವಿತ್ತು. ಇಂದಿನ ಹವ್ಯಾಸಿ ನಿರ್ದೇಶಕನಿಗೆ ದೊರೆಯುವುದು ಒಬ್ಬೊಬ್ಬ ಅಭ್ಯರ್ಥಿಗೆ ಹತ್ತು ನಿಮಿಷ.

ಆ ಹತ್ತು ನಿಮಿಷದಲ್ಲಿ ಏನನ್ನು ಹುಡುಕಬೇಕೆಂಬುದಕ್ಕೆ ‘ಸದಾರಮೆ’ಯ ಕಳ್ಳನ ಪಾತ್ರ ಒಳ್ಳೆಯ ನಿದರ್ಶನ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಈ ನಾಟಕದಲ್ಲಿ ವೀರಣ್ಣನವರ ಕಳ್ಳ ನಾಡಿನಾದ್ಯಂತ ಮನೆಮಾತಾಗಿದ್ದನು. ಈ ಪಾತ್ರದ ಕಷ್ಟವನ್ನು ಗಮನಿಸಬೇಕು. ಕಳ್ಳನನ್ನು ಕಂಡು ಪ್ರೇಕ್ಷಕರು ಹೆದರಬೇಕು, ಇಲ್ಲವಾದರೆ ನಾಯಕಿಯ ಸಂಕಟಕ್ಕೆ ಅರ್ಥವಿಲ್ಲ. ಅವನನ್ನು ಕಂಡು ನಗಲೂ ಬೇಕು, ಇಲ್ಲವಾದರೆ ಅದು ಹಾಸ್ಯವಲ್ಲ. ಇದರ ಮೇಲೆ ಅವನು ಹಾಡಬೇಕು, ಹಾಡಿನ ನಡುವೆ ಮಾತನಾಡಬೇಕು, ತಾಳ ತಪ್ಪದಂತೆ ಮತ್ತೆ ಹಾಡಿಗೆ ಸೇರಬೇಕು. ಜನ ‘ವನ್ಸ್ ಮೋರ್’ ಎಂದು ಕೂಗಿದರೆ ಎರಡನೆಯ ಸಲವೂ ಮೊದಲನೆಯ ಸಲದಂತೆಯೇ ಹೊಸದಾಗಿ ತೋರಬೇಕು. ಉತ್ತಮ ಸಂಗೀತಗಾರನಿಗೆ ಇಷ್ಟೆಲ್ಲ ಸಾಧ್ಯವಾಗದಿರಬಹುದು. ಸಾಧಾರಣ ಕಂಠದ ನಟನಿಗೆ ಸಾಧ್ಯವಾಗಬಹುದು. ಕಛೇರಿಯ ಹಾಡು ಬೇರೆ, ರಂಗದ ಹಾಡು ಬೇರೆ ಎಂದು ಹಿರಿಯರು ಹೇಳುತ್ತ ಬಂದಿರುವುದು ಈ ಕಾರಣಕ್ಕೆ.

ಚಲನಚಿತ್ರದಿಂದಲೂ ಒಂದು ಉದಾಹರಣೆ ಕೊಡಬಹುದು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರ್ ಅವರು 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರೂ, ಸುಮಾರು ಎರಡು ದಶಕಗಳ ಕಾಲ ಅವರ ಹಾಡುಗಳನ್ನು ಬಹುಮಟ್ಟಿಗೆ ಪಿ. ಬಿ. ಶ್ರೀನಿವಾಸ್ ಅವರೇ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ರಾಜಕುಮಾರ್ ತಾವೇ ಹಾಡಿದರು. ಅಲ್ಲಿಂದ ಮುಂದೆ ಅವರ ಚಿತ್ರಗಳಲ್ಲಿ ಅವರ ದನಿಯೇ ನೆಲೆನಿಂತಿತು. ಆ ಹಾಡು ವಿನೋದದ ಹಾಡು. ಮಾತಾಡುವ ಗಂಟಲೂ ಹಾಡುವ ಗಂಟಲೂ ಒಂದೇ ಆದಾಗ ವಿನೋದಕ್ಕೆ ಎಂತಹ ಕಳೆ ಬರುತ್ತದೆಂಬುದನ್ನು ಕೇಳಿದವರೆಲ್ಲ ಬಲ್ಲರು.

ಇನ್ನು ಆಯ್ಕೆಯ ಕ್ರಮ. ಮೊದಲು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ, ಎಲ್ಲರಿಗೂ ಬರುವ ಹಾಡೊಂದನ್ನು, ಶಾಲೆಯಾದರೆ ದಿನನಿತ್ಯದ ಪ್ರಾರ್ಥನೆಯನ್ನೇ, ಹೇಳಿಸುವುದು ಲೇಸು. ಅಂಜಿಕೆ ಅರ್ಧ ಕಳೆಯುತ್ತದೆ. ಒಬ್ಬೊಬ್ಬರನ್ನೇ ಹಾಡಿಸುವಾಗ ಹಾರ್ಮೋನಿಯಂ ಅಭ್ಯರ್ಥಿಯ ಶ್ರುತಿಯನ್ನು ಹುಡುಕಿಕೊಂಡು ಹೋಗಬೇಕೇ ಹೊರತು ಅಭ್ಯರ್ಥಿ ಹಾರ್ಮೋನಿಯಂ ಹಿಂದೆ ಓಡಬಾರದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕಾದುದರಿಂದ ಎತ್ತರದ ಶ್ರುತಿ ಅನಿವಾರ್ಯವಾಗಿತ್ತು. ಮೈಕು ಬಂದು ಎಷ್ಟೋ ಕಾಲವಾದರೂ ಏರುದನಿಯನ್ನೇ ದನಿಯೆಂದು ಬಗೆಯುವ ಪರೀಕ್ಷಕರು ಇನ್ನೂ ಇದ್ದಾರೆ!

ಬಳಿಕ ಅದೇ ಹಾಡಿನ ಎರಡು ಸಾಲುಗಳ ನಡುವೆ ಒಂದು ಮಾತನ್ನು ಸೇರಿಸಿ ಹೇಳಿಸಬೇಕು. ಮಾತು ಮುಗಿಸಿ ಶ್ರುತಿಗೆ ಮರಳುವಾಗ ಹೆಚ್ಚಿನವರು ಎಡವುತ್ತಾರೆ. ಎಡವಿದುದು ದೋಷವಲ್ಲ, ಎಡವಿದವನು ಏನು ಮಾಡುತ್ತಾನೆಂಬುದು ಮುಖ್ಯ. ನಿಂತುಬಿಡುವವನಿಗಿಂತ ಏನಾದರೊಂದು ಮಾಡಿ ಮುಂದೆ ಸಾಗುವವನು ರಂಗಕ್ಕೆ ಹತ್ತಿರದವನು. ಇಬ್ಬರನ್ನು ಜೊತೆಗೂಡಿಸಿ ಒಂದು ಹಾಸ್ಯಪ್ರಸಂಗವನ್ನು ಆಡಿಸಿದರೆ ಇನ್ನೊಂದು ಗುಣ ಹೊರಬೀಳುತ್ತದೆ. ತನ್ನ ಮಾತಿಗೆ ತಾನೇ ನಗುವವನು ಒಬ್ಬ. ಎದುರಿನವನ ಮಾತು ಮುಗಿಯುವುದನ್ನೇ ಕಾಯುತ್ತಿರುವವನು ಇನ್ನೊಬ್ಬ. ಎದುರಿನವನ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವವನು ಮತ್ತೊಬ್ಬ. ನಗೆ ಹುಟ್ಟುವುದು ಈ ಮೂರನೆಯವನಿಂದ. ಕೊನೆಗೆ ಅದೇ ಪ್ರಸಂಗವನ್ನು ಬೇರೊಂದು ರೀತಿಯಲ್ಲಿ, ಕೋಪದಿಂದಲೋ ಗುಟ್ಟಾಗಿಯೋ, ಆಡಲು ಸೂಚಿಸಬೇಕು. ಮನೆಯಲ್ಲಿ ಉರುಹೊಡೆದು ತಂದವನು ಇಲ್ಲಿ ಸಿಕ್ಕಿಬೀಳುತ್ತಾನೆ, ಕಲಿಯಬಲ್ಲವನು ಗೆಲ್ಲುತ್ತಾನೆ. ಒಂದೇ ಪರೀಕ್ಷೆಗೆ ಅವಕಾಶವಿದ್ದರೆ ಇದನ್ನೇ ಮಾಡಬೇಕು.

ಶಾಲೆಗಳಲ್ಲಿ ಹಾಸ್ಯಪಾತ್ರವನ್ನು ಹಂಚುವಾಗ ನಡೆಯುವ ಒಂದು ಅನ್ಯಾಯವನ್ನು ಹೇಳದೆ ಇರಲಾಗದು. ದಪ್ಪನೆಯ ಹುಡುಗ, ಕುಳ್ಳನೆಯ ಹುಡುಗ, ತೊದಲುವ ಹುಡುಗ, ಇವರನ್ನು ಕಂಡೊಡನೆ ‘ಕಾಮಿಕ್ ಪಾರ್ಟಿಗೆ ಇವನೇ ಸರಿ’ ಎನ್ನುವವರುಂಟು. ಪರೀಕ್ಷೆಯೇ ಇಲ್ಲದೆ ಪಾತ್ರ ಸಿಕ್ಕಿತೆಂದು ಮಗು ಮೊದಲು ಹಿಗ್ಗುತ್ತದೆ. ಸಭೆ ನಕ್ಕದ್ದು ಪಾತ್ರವನ್ನು ಕಂಡಲ್ಲ, ತನ್ನ ಮೈಯನ್ನು ಕಂಡು ಎಂಬುದು ಅದಕ್ಕೆ ಹೊಳೆಯುವ ಹೊತ್ತಿಗೆ ಪರದೆ ಬಿದ್ದಿರುತ್ತದೆ. ಪಾತ್ರದ ಹೆಸರು ಮಾತ್ರ ತರಗತಿಯಲ್ಲಿ ವರ್ಷಗಟ್ಟಲೆ ಅಡ್ಡಹೆಸರಾಗಿ ಉಳಿಯುತ್ತದೆ. ದಪ್ಪನೆಯ ಹುಡುಗ ಸೊಗಸಾಗಿ ನಗಿಸುವುದಾದರೆ ಅವನು ಆ ಪಾತ್ರವನ್ನು ಮಾಡಲಿ. ಆದರೆ ರಾಜನ ಪಾತ್ರಕ್ಕೂ ಅವನನ್ನು ಒಮ್ಮೆ ಓದಿಸಿ ನೋಡಿರಬೇಕು.

ಎರಡನೆಯದು ಒಡೆಯುವ ದನಿಯ ಪ್ರಶ್ನೆ. ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೋದ ವರ್ಷ ಕೃಷ್ಣನಾಗಿ ಕೋಗಿಲೆಯಂತೆ ಹಾಡಿದವನು ಈ ವರ್ಷ ಎರಡು ಸ್ವರ ಏರುವಷ್ಟರಲ್ಲಿ ಗೊಗ್ಗರಿಸುತ್ತಾನೆ. ಹೆಣ್ಣು ಪಾತ್ರಗಳನ್ನೂ ಹುಡುಗರೇ ವಹಿಸುತ್ತಿದ್ದ ಹಳೆಯ ಕಂಪನಿಗಳಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು. ಶಾಲೆಯ ಹುಡುಗನಿಗೆ ಹೊಟ್ಟೆಪಾಡಿನ ಚಿಂತೆ ಇಲ್ಲದಿರಬಹುದು, ಅವಮಾನವಂತೂ ಇದ್ದೇ ಇದೆ. ‘ನಿನಗೆ ಸ್ವರವೇ ಇಲ್ಲ’ ಎಂದು ಉಪಾಧ್ಯಾಯರು ಹತ್ತು ಜನರೆದುರು ಹೇಳಿದ ಒಂದು ಮಾತಿನಿಂದ ಮುಂದೆಂದೂ ಬಾಯಿತೆರೆದು ಹಾಡದವರು ಪ್ರತಿಯೊಂದು ಊರಿನಲ್ಲಿಯೂ ಸಿಗುತ್ತಾರೆ. ಈ ವಯಸ್ಸಿನವರನ್ನು ಏರುಶ್ರುತಿಯಲ್ಲಿ ಬಲವಂತವಾಗಿ ಹಾಡಿಸಬಾರದು. ಸಂಭಾಷಣೆ ಹೆಚ್ಚಿರುವ ಪಾತ್ರವನ್ನೋ ತಾಳವಾದ್ಯವನ್ನೋ ಕೊಡಬಹುದು. ಹಾಡಿನ ಪಾತ್ರವೇ ಬೇಕೆಂದು ಹಠ ಹಿಡಿದವನಿಗೆ ಕಾರಣವನ್ನು ವಿವರಿಸಿ, ದನಿ ನೆಲೆಗೊಳ್ಳಲು ಕೆಲವು ತಿಂಗಳು ಹಿಡಿಯುತ್ತದೆಂದು ತಿಳಿಸಿ, ಮುಂದಿನ ವರ್ಷದ ಆಯ್ಕೆಯ ದಿನ ಮತ್ತೆ ಬರಹೇಳಿ, ಅವನ ಹೆಸರನ್ನು ಅವನೆದುರಿನಲ್ಲಿಯೇ ಪುಸ್ತಕದಲ್ಲಿ ಬರೆದಿಡಬೇಕು.