ಉಣುಗು ಮತ್ತು ಅಂಚಿನ ಚುಕ್ಕೆ

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸುತ್ತಮುತ್ತ ಮಳೆ ಕಡಿಮೆ. ಶೇಂಗಾ ಬೆಳೆಯ ಮೇಲಿಡುವ ಭರವಸೆ ಇನ್ನೂ ಕಡಿಮೆ. ಆದುದರಿಂದ ಇಲ್ಲಿಯ ರೈತನಿಗೆ ಕೊಟ್ಟಿಗೆಯ ದನವೇ ಆಪದ್ಧನ. ಅದರ ಕಿವಿಯಲ್ಲಿ, ಕೆಚ್ಚಲ ಸಂದಿನಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡಿರುವ ಉಣುಗನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿರಬಹುದು. ಅದು ಹೀರುವ ರಕ್ತಕ್ಕಿಂತ ಅದು ಬಿಟ್ಟುಹೋಗುವ ರೋಗಾಣುವಿನಿಂದಾಗುವ ಹಾನಿ ಹೆಚ್ಚಿನದು.

ದಕ್ಷಿಣ ಆಫ್ರಿಕದಲ್ಲಿ ಪಶುರೋಗಗಳನ್ನು ಅಭ್ಯಸಿಸುತ್ತಿದ್ದ ಆರ್ನಾಲ್ಡ್ ಥೈಲರ್ ಎಂಬ ವಿಜ್ಞಾನಿಯು ದನಗಳ ಕೆಂಪು ರಕ್ತಕಣಗಳ ಅಂಚಿನಲ್ಲಿದ್ದ ಸಣ್ಣ ಚುಕ್ಕೆಗಳಿಗೆ 1910ರಲ್ಲಿ 'ಅನಾಪ್ಲಾಸ್ಮಾ ಮಾರ್ಜಿನೇಲ್' ಎಂದು ಹೆಸರಿಟ್ಟನು. ಮಾರ್ಜಿನೇಲ್ ಎಂದರೆ ಅಂಚಿನದು ಎಂದರ್ಥ. ಅದನ್ನು ಅವನು ಆದಿಜೀವಿಯೆಂದು ಭಾವಿಸಿದ್ದನು. ಅದು ರಿಕೆಟ್ಸಿಯಾ ಬಳಗದ ಬ್ಯಾಕ್ಟೀರಿಯಾ ಎಂಬುದು ಅನಂತರ ಸ್ಪಷ್ಟವಾಯಿತು. ಈ ಭೇದ ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಉಣುಗಿನಿಂದಲೇ ಬರುವ ಬಬೇಸಿಯಾ ರೋಗಕ್ಕೆ ಆದಿಜೀವಿ ಕಾರಣ. ಅದರ ಔಷಧ ಬೇರೆ. ಬಬೇಸಿಯಾ ತಗುಲಿದ ದನದ ಮೂತ್ರ ಕೆಂಪಾಗುತ್ತದೆ. ಅನಾಪ್ಲಾಸ್ಮಾ ಬಂದಾಗ ಹಾಗಾಗುವುದಿಲ್ಲ. ಜ್ವರ ಬಂದು, ಒಸಡು ಬಿಳಿಚಿ, ಕ್ರಮೇಣ ಕಣ್ಣು ಹಳದಿಯಾಗುತ್ತದೆ, ಸಗಣಿ ಗಟ್ಟಿಯಾಗುತ್ತದೆ.

ಇಲ್ಲೊಂದು ಸೋಜಿಗವುಂಟು. ನಮ್ಮ ದನಗಳಲ್ಲಿ ಸಾಮಾನ್ಯವಾದ ಉಣುಗು ಮರಿಯಾಗಿ ಹುಲ್ಲಿನಿಂದ ಒಂದು ದನದ ಮೈಯೇರಿ, ಸುಮಾರು ಮೂರು ವಾರಗಳಲ್ಲಿ ಅಲ್ಲಿಯೇ ಬೆಳೆದು ಪ್ರೌಢವಾಗುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕುದುರಿ, ಎರಡು ಸಾವಿರಕ್ಕೂ ಮಿಗಿಲಾಗಿ ಮೊಟ್ಟೆಯಿಟ್ಟು ಸಾಯುತ್ತದೆ. ತಾಯಿಯಿಂದ ಮೊಟ್ಟೆಗೆ ಈ ರೋಗಾಣು ಸಾಮಾನ್ಯವಾಗಿ ದಾಟುವುದಿಲ್ಲ. ಹಾಗಾದರೆ ಒಂದೇ ದನದ ಮೇಲೆ ಬಾಳು ಕಳೆಯುವ ಹುಳು ರೋಗವನ್ನು ಮತ್ತೊಂದಕ್ಕೆ ಒಯ್ಯುವುದೆಂತು? ಗಂಡು ಉಣುಗೇ ಅಪರಾಧಿ. ಹೆಣ್ಣನ್ನರಸುತ್ತ ಅದು ಮೈಗೆ ಮೈ ತಾಗಿ ನಿಂತ ದನದಿಂದ ದನಕ್ಕೆ ಅಲೆಯುತ್ತದೆ. ಬರಗಾಲದ ಗೋಶಾಲೆಯಲ್ಲಿ ನೂರಾರು ದನಗಳು ಒತ್ತೊತ್ತಾಗಿ ನಿಂತಾಗ ಅದಕ್ಕೆ ಹಬ್ಬವೇ ಸರಿ! ಕಚ್ಚುವ ನೊಣಗಳೂ ಈ ಕೆಲಸಕ್ಕೆ ನೆರವಾಗುತ್ತವೆ. ಶುದ್ಧಿಮಾಡದೆ ಹತ್ತಾರು ದನಗಳಿಗೆ ಚುಚ್ಚುವ ಒಂದೇ ಸೂಜಿಯೂ ಅಷ್ಟೇ. ಅದರ ದೋಷವನ್ನು ಮಾತ್ರ ಯಾರೂ ಉಣುಗಿನಷ್ಟು ಹಳಿಯುವುದಿಲ್ಲ.

ರೋಗಾಣು ಹೊಕ್ಕ ಮೇಲೆ ರೋಗ ತಲೆದೋರಲು ಎರಡರಿಂದ ಐದು ವಾರಗಳು ಹಿಡಿಯಬಹುದು. ಜಾತ್ರೆಯಿಂದ ತಂದ ಎತ್ತನ್ನು ಮರೆತು ಮಾಲೀಕನು ನಿನ್ನೆ ಹಾಕಿದ ಮೇವನ್ನು ಶಂಕಿಸುವುದು ಇದರಿಂದಲೇ. ಎಳೆಗರುವಿಗೆ ಈ ರೋಗ ಹಗುರವಾಗಿ ಬಂದುಹೋಗುತ್ತದೆ. ಎರಡು ವರ್ಷ ಮೀರಿದ ದನಕ್ಕೆ, ಅದರಲ್ಲಿಯೂ ಮಿಶ್ರತಳಿಯ ಹಸುವಿಗೆ, ಪ್ರಾಣಾಂತಕವಾಗಬಹುದು. ಗುಣಹೊಂದಿದ ದನವೂ ರೋಗಾಣುವನ್ನು ರಕ್ತದಲ್ಲಿ ಬಹುಕಾಲ ಹೊತ್ತು ತಿರುಗುತ್ತದೆ. ನೋಡಲು ಪೂರ್ಣ ಆರೋಗ್ಯವಂತವಾಗಿರುತ್ತದೆ.

ಪೆನಿಸಿಲಿನ್ ಇದಕ್ಕೆ ನಾಟದು. ಕಿವಿಯ ನರದಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪಶುವೈದ್ಯರು ಆ ಚುಕ್ಕೆಗಳನ್ನು ಕಂಡರೆ ಆಕ್ಸಿಟೆಟ್ರಾಸೈಕ್ಲಿನ್ ಕೊಡುತ್ತಾರೆ. ಒಸಡು ಬಿಳಿಚಿದ ದನವನ್ನು ಬಿಸಿಲಲ್ಲಿ ಹೊಡೆದುಕೊಂಡು ಆಸ್ಪತ್ರೆಗೆ ನಡೆಸಬಾರದು. ರಕ್ತವಿಲ್ಲದ ಮೈ ಆ ಆಯಾಸಕ್ಕೇ ಬಿದ್ದುಹೋಗಬಹುದು. ಕಿತ್ತ ಉಣುಗನ್ನು ಕೊಟ್ಟಿಗೆಯ ನೆಲಕ್ಕೆ ಎಸೆಯುವ ರೂಢಿಯೂ ನಮ್ಮಲ್ಲಿದೆ. ಉಬ್ಬಿದ ಹೆಣ್ಣಿಗೆ ಬೇಕಾದುದು ಆ ನೆಲವೇ. ಸೀಮೆಎಣ್ಣೆಯ ಡಬ್ಬಿಯೊಂದನ್ನು ಪಕ್ಕದಲ್ಲಿಟ್ಟುಕೊಂಡೇ ಉಣುಗು ಕೀಳಲು ಕೂರಬೇಕು.